ಹೊಸ ಹಾಸಿಗೆಯ ಮೊದಲ ನಿದ್ದೆ

ಸುದ್ದಿ ಬಂದಾಗ ಬೆಳಗಿನ ಹನ್ನೊಂದು ಗಂಟೆ. ಸೊಸೆ ಅಕ್ಕಿ ತೊಳೆಯುತ್ತಿದ್ದಳು. ಅಜ್ಜಿ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಮುಂದಿನ ಕೋಣೆಯಲ್ಲಿ ಫೋನು ಬಡಿದುಕೊಂಡಿತು. ಸೊಸೆ ಒದ್ದೆ ಕೈಯಲ್ಲೇ ಹೋಗಿ ಎತ್ತಿದಳು.

"ಇದು ಯಾರ ಮನೆ?" ಎಂದಿತು ಒಂದು ಹೆಂಗಸಿನ ಗಡಸು ದನಿ.

"ನಿಮಗೆ ಯಾರು ಬೇಕು?"

"ಯಾರು ಬೇಕು ಅಂತ ನನಗೂ ಗೊತ್ತಿಲ್ಲಮ್ಮ. ಇಲ್ಲೊಬ್ಬರು ಹಿರಿಯರಿದ್ದಾರೆ. ಬಿಳಿ ಅಂಗಿ, ಬೆರಳಲ್ಲೆಲ್ಲ ಸೂಜಿ ಚುಚ್ಚಿದ ಗುರುತು. ಕಾಲರಿನ ಒಳಗಡೆ ಕೆಂಪು ದಾರದಲ್ಲಿ ಈ ನಂಬರು ಹೊಲಿದಿದೆ."

ಆ ನಂಬರನ್ನು ಹೊಲಿದವಳು ಸೊಸೆಯೇ. ಮಾವನವರು ಫೋನನ್ನು ಎಲ್ಲೆಂದರಲ್ಲಿ ಮರೆತು ಬರುತ್ತಾರೆಂದು ಅವರ ಮೂರು ಅಂಗಿಗಳಿಗೂ ಹಾಕಿಟ್ಟಿದ್ದಳು. "ನಾನೇನು ಕಳೆದುಹೋಗೋ ಕರುವಾ?" ಎಂದು ಅವರು ನಕ್ಕಿದ್ದರು. ಅವಳು ಆ ಕಡೆಯ ಮಾತನ್ನು ಕೊನೆಯವರೆಗೆ ಕೇಳಿ, ಫೋನಿಟ್ಟು, ಗೋಡೆ ಹಿಡಿದುಕೊಂಡು ಒಳಗೆ ಬಂದಳು.

"ಅತ್ತೆ, ಒಲೆ ಆರಿಸಿ," ಎಂದಳು.

ಅಜ್ಜಿಗೆ ಅಷ್ಟರಲ್ಲೇ ಅರ್ಥವಾಯಿತು. ಯಜಮಾನರು ಹತ್ತಿ ಕೊಳ್ಳಲು ಹಿಂದಿನ ರಾತ್ರಿ ಬಸ್ಸು ಹತ್ತಿದ್ದರು, ಏಳು ತಾಸಿನ ದಾರಿ. ಮಗ ಬಾಡಿಗೆ ವ್ಯಾನು ಮಾಡಿಕೊಂಡು ಹೋಗಿ, ಮರುದಿನ ತಂದೆಯನ್ನು ಕರೆತಂದ. ಆಗಬೇಕಾದ ಕಾರ್ಯಗಳೆಲ್ಲ ಆದವು. ಬಂದವರು ಬಂದಂತೆ ಹೋದರು.

ಎಲ್ಲರೂ ಹೋದ ಮೇಲೆ ಅಜ್ಜಿ ಮಗನನ್ನು ಕೇಳಿದಳು: "ಕೊನೇಲಿ ಹತ್ತಿರ ಯಾರಿದ್ರು?"

"ಆಸ್ಪತ್ರೇಲಿ ಇದ್ರಮ್ಮ. ಡಾಕ್ಟರಿದ್ರು. ನೋವೇನೂ ಆಗಿಲ್ಲ." ಮಗ ತನ್ನ ಚಪ್ಪಲಿ ನೋಡುತ್ತ ಹೇಳಿದ.

"ಫೋನು ಮಾಡಿದ ಹೆಂಗಸು?"

"ನರ್ಸ್ ಇರ್ಬೇಕು."

"ಅವರ ಚೀಲ?"

"ಕಳೆದುಹೋಯ್ತು."

ಮುಂದಿನ ದಿನಗಳಲ್ಲಿ ಅಜ್ಜಿ ಈ ಪ್ರಶ್ನೆಗಳನ್ನೇ ಮತ್ತೆ ನಾಲ್ಕು ಸಲ ಕೇಳಿದಳು. ಉತ್ತರ ಪ್ರತಿ ಸಲವೂ ಒಂದೆರಡು ಮಾತು ಕಡಿಮೆಯಾಗುತ್ತ ಬಂತು. ಆಮೇಲೆ ಅವಳು ಮಗನನ್ನು ಬಿಟ್ಟು ದೇವರನ್ನು ಕೇಳತೊಡಗಿದಳು. ಬೆಳಿಗ್ಗೆ ದೀಪ ಹಚ್ಚಿ, "ಹೇಗೆ ಹೋದ್ರು ಅಂತ ನನಗೊಂದು ಮಾತು ತಿಳಿಸು ಸ್ವಾಮಿ. ನಾನು ಬೇರೇನೂ ಕೇಳಲ್ಲ," ಎನ್ನುವಳು.

ಅವರ ಮನೆ ದೊಡ್ಡಾಸ್ಪತ್ರೆಯ ಎದುರು ಬೀದಿಯಲ್ಲಿತ್ತು. ಮುಂದಿನ ಕೋಣೆಯೇ ಹಾಸಿಗೆ ಅಂಗಡಿ. ಯಜಮಾನರನ್ನು ಬೀದಿಯವರೆಲ್ಲ ಮೇಷ್ಟ್ರು ಎನ್ನುತ್ತಿದ್ದರು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಹಾಸಿಗೆ ಕೊಳ್ಳಲು ಬಂದವರನ್ನು ಕೂರಿಸಿಕೊಂಡು ಹತ್ತಿಯ ಬಗ್ಗೆ ಅರ್ಧ ಗಂಟೆ ಕೊರೆಯುತ್ತಿದ್ದುದರಿಂದ ಬಂದ ಬಿರುದು ಅದು.

"ಹೊಸ ಹಾಸಿಗೇಲಿ ಹತ್ತಿ ಗಾಳಿ ಕುಡಿದು ಮೆರೀತಿರುತ್ತೆ," ಎನ್ನುತ್ತಿದ್ದರು ಅವರು. "ಒಬ್ಬ ಮನುಷ್ಯ ಅದರ ಮೇಲೆ ಒಂದು ರಾತ್ರಿ ನಿದ್ದೆ ಮಾಡ್ಬೇಕು. ಸೊಂಟ ಎಲ್ಲಿ ಇಳೀತು, ಹೆಗಲು ಎಲ್ಲಿ ಇಳೀತು ಅಂತ ಬೆಳಿಗ್ಗೆ ಕೈಯಾಡಿಸಿ ನೋಡಿ, ಆಮೇಲೆ ಹೊಲಿಗೆ ಬಿಗಿ ಮಾಡಿದ್ರೆ ಇಪ್ಪತ್ತು ವರ್ಷ ಗಂಟು ಕಟ್ಟಲ್ಲ."

ಮದುವೆಯಾದ ಹೊಸದರಲ್ಲಿ ಆ ನಿದ್ದೆ ಮಾಡುವ ಕೆಲಸ ಗಂಡಹೆಂಡಿರದೇ ಆಗಿತ್ತು. "ನನ್ನ ಸಂಸಾರವೆಲ್ಲ ಕಂಡವರ ಹಾಸಿಗೆ ಮೇಲೇ ಆಯ್ತು," ಎಂದು ಅಜ್ಜಿ ನೆರೆಯವರನ್ನು ನಗಿಸುತ್ತಿದ್ದಳು. ಆಮೇಲೊಂದು ಚಳಿಗಾಲದ ಸಂಜೆ ಮೇಷ್ಟ್ರು ಆಸ್ಪತ್ರೆಯ ಜಗಲಿಯ ಕಲ್ಲಿನ ಮೇಲೆ ಮುದುಡಿ ಮಲಗಿದ್ದವರನ್ನು ಕಂಡರು. ಒಳಗೆ ರೋಗಿ, ಹೊರಗೆ ಅವರ ಕಡೆಯವರು. ಊರು ದೂರ, ಹೋಗಲು ಜಾಗವಿಲ್ಲ. ಅವರಲ್ಲಿ ಇಬ್ಬರನ್ನು ಕರೆತಂದು, ಹೊಸ ಹಾಸಿಗೆಗಳ ಮೇಲೆ ದಪ್ಪ ಜಮಖಾನ ಹಾಸಿ, "ಮಲಗಿ, ನನ್ನ ಕೆಲಸವೂ ಆಗುತ್ತೆ," ಎಂದರು. ಮೂವತ್ತು ವರ್ಷ ಅದು ನಡೆದುಕೊಂಡು ಬಂತು. ಬಂದವರ ಹೆಸರನ್ನು ಅವರು ಕೇಳುತ್ತಿರಲಿಲ್ಲ. ಕೇಳಿದರೆ ನಾಳೆ ಇಂಥವರಿಗೆ ಉಪಕಾರ ಮಾಡಿದೆ ಎಂದು ಹೇಳಿಕೊಳ್ಳುವ ಆಸೆಯಾಗುತ್ತದೆ ಎನ್ನುತ್ತಿದ್ದರು. ಅಜ್ಜಿಯ ಪಾಲಿಗೆ ಬಂದದ್ದು ಬೆಳಗಿನ ಬಿಸಿನೀರು, ಗಂಜಿ. ಗೊಣಗುತ್ತಿದ್ದಳು, ಆದರೆ ಗಂಜಿಯ ಪಾತ್ರೆ ಸಣ್ಣದಾಗಲು ಬಿಡಲಿಲ್ಲ.

ಈಗಲೂ ಸಂಜೆಯಾದರೆ ಜನ ಬರುತ್ತಿದ್ದರು. ಎರಡನೆಯ ವಾರ ಒಬ್ಬ ಮುದುಕ ಕೈಯಲ್ಲಿ ಬಟ್ಟೆಗಂಟು ಹಿಡಿದು ನಿಂತಿದ್ದ.

"ಮೇಷ್ಟ್ರು ಇದ್ದಾರಾ? ನಮ್ಮೋಳನ್ನ ಮತ್ತೆ ಸೇರಿಸಿದ್ದೀವಿ."

ಬಾಗಿಲಿಗೆ ಹೋಗಿದ್ದ ಮೊಮ್ಮಗಳು ಒಳಗೆ ಓಡಿಬಂದಳು. "ಅಜ್ಜಿ, ತಾತ ಊರಿಗೆ ಹೋಗಿದ್ದಾರೆ ಅನ್ಲಾ?"

"ಸುಳ್ಳು ಯಾಕೆ ಹೇಳ್ತೀಯ, ಪುಟ್ಟಿ," ಎಂದು ಅಜ್ಜಿ ಎದ್ದಳು. ಅವಳು ಬಾಗಿಲು ಮುಟ್ಟುವಷ್ಟರಲ್ಲಿ ಮಗ ಮಾತು ಮುಗಿಸಿದ್ದ.

"ಅಪ್ಪ ತೀರಿಕೊಂಡ್ರು ಯಜಮಾನ್ರೇ. ಇನ್ನು ಮೇಲೆ ಇಲ್ಲಿ ಯಾರನ್ನೂ ಮಲಗಿಸ್ತಿಲ್ಲ."

ಮುದುಕ ಗಂಟನ್ನು ಕೆಳಗಿಟ್ಟ. ಬಾಗಿ ಹೊಸ್ತಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಮತ್ತೆ ಗಂಟು ಎತ್ತಿಕೊಂಡು ಜಗಲಿಯ ಕಡೆಗೆ ನಡೆದ. ಆ ಸಂಜೆ ಅಜ್ಜಿ ಊಟಕ್ಕೆ ಕೂರಲಿಲ್ಲ.

ಮೂರನೆಯ ವಾರ ವಕೀಲರ ಹೆಂಡತಿ ಬಂದರು. ಹಿಂದೆ ಕೂಲಿಯವನ ತಲೆಯ ಮೇಲೆ, ಮೇಷ್ಟ್ರು ಇದ್ದಾಗ ಮಾಡಿಕೊಟ್ಟಿದ್ದ ಹಾಸಿಗೆ. ಅವರು ಎರಡು ಬೆರಳಲ್ಲಿ ಒಂದು ಕೂದಲಿನ ಪಿನ್ನು ಹಿಡಿದಿದ್ದರು.

"ಇದು ಅಂಚಿನ ಹೊಲಿಗೇಲಿ ಸಿಕ್ತು. ನಮ್ಮನೇಲಿ ಇಂಥದ್ದು ಯಾರೂ ಹಾಕಲ್ಲ. ನಾನು ಹೇಳಿದ್ದು ಹೊಸ ಹಾಸಿಗೆಗೆ, ಛತ್ರದ ಹಾಸಿಗೆಗಲ್ಲ."

ಮಗನ ಕಿವಿ ಕೆಂಪಾಯಿತು. "ಬೇರೆ ಮಾಡಿ ಕೊಡ್ತೀನಮ್ಮ. ಯಾರೂ ಮಲಗಲ್ಲ. ನನ್ನ ಮಾತು."

ಅಂದು ಮಧ್ಯಾಹ್ನ ಊಟದ ಹೊತ್ತಿಗೆ ಆ ಪಿನ್ನು ಎಲ್ಲರ ನಡುವೆ ಬಂದು ಕೂತಿತು.

"ಅಪ್ಪನ ಮುಖ ನೋಡಿ ಜನ ಸುಮ್ನಿದ್ರು. ನನ್ನ ಮುಖ ನೋಡಿ ಇರಲ್ಲ," ಎಂದ ಮಗ. "ಮುಂದಿನ ಒಂದನೇ ತಾರೀಕು ಸ್ಪಂಜಿನ ಹಾಸಿಗೆ ಲಾರಿ ಬರುತ್ತೆ. ಕಂಪನಿಯವರ ಹತ್ತಿರ ಮಾತಾಡಿದ್ದೀನಿ. ಪ್ಲಾಸ್ಟಿಕ್ ಸುತ್ತಿಕೊಂಡೇ ಬರುತ್ತೆ. ಯಾರೂ ಮಲಗಿ ನೋಡೋದೂ ಬೇಡ, ನಾನು ಹೊಲಿಯೋದೂ ಬೇಡ."

"ಕೋಣೆ ತುಂಬಿ ಹೋಗುತ್ತಲ್ಲ," ಎಂದಳು ಸೊಸೆ.

"ತುಂಬಲಿ ಅಂತಾನೇ."

ಅಜ್ಜಿ ತಟ್ಟೆಯಿಂದ ಕೈ ತೆಗೆದಳು. "ನೀನು ಏನು ಬೇಕಾದ್ರೂ ಮಾರು. ಸಂಜೆ ಹೊತ್ತಿಗೆ ಎರಡೇ ಎರಡು ಹಾಸಿಗೆ ಬಿಚ್ಚಿರಲಿ. ಅಷ್ಟು ಬಿಟ್ಟು ನಾನು ನಿನ್ನ ಏನೂ ಕೇಳಲ್ಲ. ಬಾಗಿಲಿಗೆ ಬರೋವರು ದಾರಿ ತಪ್ಪಿ ಬರಲ್ಲ ಕಣೋ. ದೇವರು ಕಳಿಸ್ತಾನೆ."

"ಸಾಕಮ್ಮ. ಮೂವತ್ತು ವರ್ಷ ಕಂಡಕಂಡವರನ್ನ ಮಲಗಿಸಿದ್ರಲ್ಲ, ಅಪ್ಪ ಬಿದ್ದಾಗ ಆ ದೇವರು..." ಎಂದವನು ತುಟಿ ಕಚ್ಚಿದ.

"ಬಿದ್ದಾಗ? ಎಲ್ಲಿ ಬಿದ್ದಾಗ?"

"ಏನಿಲ್ಲ. ಊಟ ಮಾಡು."

"ಆಸ್ಪತ್ರೇಲಿದ್ರು ಅಂದೆ."

"ಊಟ ಮಾಡಮ್ಮ," ಎಂದು ಅವನು ಅರ್ಧ ಊಟಕ್ಕೇ ಕೈತೊಳೆಯಲು ಎದ್ದ. ಸೊಸೆ ಗಂಡನ ಬೆನ್ನು ನೋಡಿದಳು, ಅತ್ತೆಯ ಮುಖ ನೋಡಿದಳು, ಪಾತ್ರೆ ಮುಚ್ಚಿದಳು.

ಅಲ್ಲಿಂದ ಮನೆಯಲ್ಲಿ ಮಾತು ಕಡಿಮೆಯಾಯಿತು. "ನೀರು ಬಂತು ಅಂತ ನಿಮ್ಮಪ್ಪಂಗೆ ಹೇಳು" ಎಂದು ಅಜ್ಜಿ. "ಮಾತ್ರೆ ತಗೊಂಡ್ರಾ ಅಂತ ಅಜ್ಜೀನ ಕೇಳು" ಎಂದು ಮಗ. ಮೊಮ್ಮಗಳು ಎರಡು ದಿನ ಅತ್ತಿತ್ತ ಓಡಾಡಿ, ಮೂರನೆಯ ದಿನ, "ನೀವಿಬ್ರೂ ಒಂದೇ ಮನೇಲಿದ್ದೀರ, ಗೊತ್ತಾ?" ಎಂದು ಪುಸ್ತಕ ತೆಗೆದುಕೊಂಡು ಹಿತ್ತಲಿಗೆ ಹೋದಳು.

ಐದನೆಯ ವಾರ. ವಕೀಲರ ಹೆಂಡತಿಯ ಹೊಸ ಹಾಸಿಗೆ ಮುಗಿಯುತ್ತ ಬಂದಿತ್ತು. ಮನೆಯಲ್ಲಿ ಮಾಡುವ ಕೊನೆಯ ಹತ್ತಿಯ ಹಾಸಿಗೆ ಅದೇ ಎಂದು ಮಗ ಹೇಳಿದ್ದ. ಬೆಳಿಗ್ಗೆ ಹತ್ತರ ಹೊತ್ತಿಗೆ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಐವತ್ತರ ಆಸುಪಾಸು, ಗಟ್ಟಿ ಆಳು, ಮುಂಗೈ ಮೇಲೆ ಹಳೆಯ ಸುಟ್ಟ ಕಲೆ.

"ಈಗ ಯಾರನ್ನೂ ಇಲ್ಲಿ ಮಲಗಿಸ್ತಿಲ್ಲಮ್ಮ," ಎಂದಳು ಸೊಸೆ.

"ನನ್ನನ್ನ ಯಾರೂ ಮಲಗಿಸ್ಬೇಕಾಗಿಲ್ಲ. ಈ ಮನೆ ಮಗ ಅನ್ನಿಸಿಕೊಂಡವರು ಎಲ್ಲಿ?"

ಸೊಸೆಗೆ ಆ ದನಿಯ ಗುರುತು ಹತ್ತಿತು. ಕೈಯಲ್ಲಿದ್ದ ಪೊರಕೆಯನ್ನು ಗೋಡೆಗೊರಗಿಸಿದಳು. ಅಷ್ಟರಲ್ಲಿ ಮಗ ದಾರ ಪೋಣಿಸಿದ ದಬ್ಬಳ ಹಿಡಿದು ಎದ್ದುಬಂದ. ಅವಳನ್ನು ಕಂಡು ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು.

ಅವಳು ಒಂದು ಬಟ್ಟೆಯ ಚೀಲವನ್ನು ಅವನ ಕೈಗೇ ಕೊಟ್ಟಳು. "ನೋಡ್ಕೊಳ್ಳಿ. ಅಳತೆ ಟೇಪು, ಕತ್ತರಿ, ಎರಡು ದಬ್ಬಳ, ಮಾತ್ರೆ ಡಬ್ಬಿ, ಹತ್ತಿಗೆ ಅಂತ ತಂದ ದುಡ್ಡು, ಅರ್ಧ ಪೊಟ್ಟಣ ಬಿಸ್ಕತ್ತು. ಬಿಸ್ಕತ್ತಿಗೆ ಇರುವೆ ಬಂದಿತ್ತು. ಅದೊಂದನ್ನ ಬಿಸಾಕಿದ್ದೀನಿ."

"ಇದು ಎಲ್ಲಿ..."

"ನನ್ನ ಮನೇಲಂತೂ ಇರಲಿಲ್ಲ. ಅವತ್ತು ಗಡಿಬಿಡೀಲಿ ಮೂಲೆಮನೆಯವರ ಬಟ್ಟೆಗಂಟಿನೊಳಗೆ ಸೇರಿಕೊಂಡು ಅವರ ಮನೆಗೆ ಹೋಗಿದೆ. ಅವರು ಬೀಗ ಹಾಕಿಕೊಂಡು ಮಗಳ ಬಾಣಂತನಕ್ಕೆ ಹೋದವರು ಮೊನ್ನೆ ಬಂದ್ರು. ಇಪ್ಪತ್ತೆರಡು ವರ್ಷ ಆ ಬೀದಿ ಬಟ್ಟೆ ಇಸ್ತ್ರಿ ಮಾಡಿದ್ದೀನಿ, ಒಂದು ಕರ್ಚೀಫು ಕಳೆದಿಲ್ಲ. ಆ ಬೀದಿ ಜನರ ಎದುರಿಗೇ ನನ್ನನ್ನ ಕಳ್ಳಿ ಅಂದ್ರಿ ನೀವು. ಅದಕ್ಕೇ ಅಂಚೇಲಿ ಕಳಿಸದೆ, ಚೀಲದ ಮೇಲಿದ್ದ ಅಂಗಡಿ ವಿಳಾಸ ಹಿಡಿದು ನಾನೇ ಬಂದೆ."

ಅಜ್ಜಿ ಒಳಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ನೀನು ಆಸ್ಪತ್ರೆಯವಳಲ್ಲವಾ ತಾಯಿ?"

"ನಾನ್ಯಾವ ಆಸ್ಪತ್ರೆ ಅಮ್ಮ? ಬೀದಿಬದೀಲಿ ಇಸ್ತ್ರಿ ಮಾಡೋಳು." ಅಜ್ಜಿಯ ಮುಖ ನೋಡಿದ ಮೇಲೆ ಅವಳ ದನಿ ಇಳಿಯಿತು. "ನಿಮಗೆ ಹೇಳಿಲ್ವಾ?"

ಅಜ್ಜಿ ಮಗನ ಕಡೆ ತಿರುಗಿದಳು. "ನೀನು ಒಳಗೆ ಹೋಗಿ ಚಹಾಕ್ಕೆ ನೀರಿಡು."

ನಲವತ್ತನಾಲ್ಕು ವರ್ಷದ ಮಗ ಚೀಲ ಹಿಡಿದುಕೊಂಡೇ ಒಳಗೆ ಹೋದ.

ಅಜ್ಜಿ ಬಂದವಳ ಕೈಹಿಡಿದು ಕೂರಿಸಿದಳು. "ಮೊದಲಿಂದ ಹೇಳು. ಏನೂ ಬಿಡಬೇಡ. ನಾನು ತಡ್ಕೋತೀನಿ."

ಇಸ್ತ್ರಿಯವಳು ಹೇಳಿದಳು. ಹತ್ತಿಯ ಪೇಟೆಗೆ ಹೋಗುವ ದಾರಿಯಲ್ಲಿ ಅವಳ ಅಂಗಡಿ; ನಾಲ್ಕು ಕಂಬ, ಒಂದು ತಗಡು. ಹಿರಿಯರೊಬ್ಬರು ಬಂದು ಒಂದು ಗಳಿಗೆ ನೆರಳಲ್ಲಿ ಕೂರಲಾ ಎಂದು ಕೇಳಿದರು. ಕೂತವರ ಹಣೆಯಲ್ಲಿ ಬೆವರು ನೀರಾಗಿ ಇಳಿಯಿತು. ಎದೆ ಹಿಡಿದುಕೊಂಡರು.

"ಕೆಳಗೆ ಬರೀ ಜಲ್ಲಿಕಲ್ಲು ಅಮ್ಮ. ಅಲ್ಲಿ ಹೇಗೆ ಮಲಗಿಸೋದು? ಒಂದು ಹೋಟೆಲಿನ ಹದಿನಾರು ಹೊದಿಕೆ ಇಸ್ತ್ರಿ ಮಾಡಿ ಮಡಿಸಿಟ್ಟಿದ್ದೆ. ಎಲ್ಲಾ ಎಳೆದು ನೆಲಕ್ಕೆ ಹಾಸಿದೆ. ಪಕ್ಕದ ಅಂಗಡಿಯವನು ಗಾಡಿ ತರ್ತೀನಿ ಅಂತ ಓಡಿದ. ಗಾಡಿ ಬರೋವರೆಗೆ ಇವರ ತಲೆ ನನ್ನ ತೊಡೆ ಮೇಲಿತ್ತು. ನೀರು ಕೊಟ್ಟೆ, ಎರಡು ಗುಟುಕು ಕುಡಿದ್ರು."

"ಕುಡಿದ್ರಾ?"

"ಕುಡಿದ್ರು. ಆಮೇಲೆ ಒಂದು ಮಾತು ಹೇಳಿದ್ರು. ನನಗೆ ಅದೇನು ಅಂತ ಇವತ್ತಿಗೂ ಅರ್ಥವಾಗಿಲ್ಲ. ಅಂಗೈಯಿಂದ ಹೊದಿಕೆ ತಡವಿ ನೋಡಿ, 'ಚೆನ್ನಾಗಿ ಹಾಸಿದ್ದೀಯ ಮಗಳೇ, ಸೊಂಟದ ಹತ್ತಿರ ಸ್ವಲ್ಪ ಎತ್ತರ ಆಯ್ತು' ಅಂದ್ರು. ಅಲ್ಲಿಂದ ಒಂದು ಹೊದಿಕೆ ಎಳೆದು ತೆಗೆದೆ. 'ಈಗ ಸರಿ' ಅಂದ್ರು. ಅಷ್ಟೇ ಅಮ್ಮ. ಗಾಡಿ ಬಂದಾಗ ಇರಲಿಲ್ಲ."

ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿದಳು. ಸೊಸೆ ಹೆದರಿ ಹತ್ತಿರ ಬಂದಳು. ನೋಡಿದರೆ ಅಜ್ಜಿ ನಗುತ್ತಿದ್ದಳು. ಐದು ವಾರದಲ್ಲಿ ಮೊದಲ ಸಲ ಅವಳ ಭುಜ ಕುಲುಕುವಂತೆ ನಗು ಬಂದಿತ್ತು. ಅದರ ಬೆನ್ನಿಗೇ ಕಣ್ಣೀರೂ ಬಂತು.

"ಇವರೇ ಅದು," ಎಂದಳು. "ಅನುಮಾನವೇ ಇಲ್ಲ. ಸಾಯೋವಾಗಲೂ ಹಾಸಿಗೆಯಲ್ಲಿ ತಪ್ಪು ಹುಡುಕೋ ಮನುಷ್ಯ ಇನ್ನೊಬ್ಬ ಇಲ್ಲ." ಆಮೇಲೆ ಆ ಸುಟ್ಟ ಕಲೆಯ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನೀವು ಆ ಹೋಟೆಲಿನವರಿಗೆ ಏನು ಹೇಳಿದ್ರಿ?" ಎಂದು ಸೊಸೆ ಕೇಳಿದಳು.

"ನಿಜಾನೇ ಹೇಳ್ದೆ. ಹೆಣ ಮಲಗಿದ ಹೊದಿಕೆ ಅಂತ ಈಗ ಕೆಲಸ ಬೇರೆಯವರಿಗೆ ಕೊಡ್ತಾರೆ. ಕೊಡಲಿ. ದೇವರು ನನಗೆ ಎರಡು ಕೈ ಕೊಟ್ಟಿದ್ದಾನೆ." ಸ್ವಲ್ಪ ತಡೆದು ಕೇಳಿದಳು, "ಕಾಲರಿನಲ್ಲಿ ಹೊಲಿದವರು ಯಾರು?"

"ನಾನು."

"ನಮ್ಮ ಕಸುಬಲ್ಲಿ ಬಟ್ಟೆ ಯಾರದು ಅಂತ ಕಾಲರ್ ತಿರುಗಿಸಿ ನೋಡೋದೇ ಅಭ್ಯಾಸ. ಅದಿಲ್ಲದೆ ಹೋಗಿದ್ರೆ ಅವರು ದಿಕ್ಕಿಲ್ಲದವರಾಗಿ ಹೋಗ್ತಿದ್ರು. ನಿಮ್ಮ ಕೈ ತಣ್ಣಗಿರಲಿ."

ಸೊಸೆ ಮುಖ ಆ ಕಡೆ ತಿರುಗಿಸಿಕೊಂಡಳು.

ಮಗ ಚಹಾ ತಂದ. ಲೋಟವನ್ನು ಇಸ್ತ್ರಿಯವಳ ಮುಂದಿಟ್ಟ. "ತಪ್ಪಾಯ್ತು ಅಕ್ಕ," ಎಂದ. "ಅಪ್ಪ ಬೀದೀಲಿ ಹೋದ್ರು ಅನ್ನೋದು ನನಗೆ ತಡೆಯೋಕಾಗ್ಲಿಲ್ಲ. ಯಾರ ಮೇಲಾದ್ರೂ ಸಿಟ್ಟು ಮಾಡ್ಬೇಕಿತ್ತು, ನೀವು ಎದುರಿಗಿದ್ರಿ. ಮನೇಲಿ ಹೇಳೋಕೂ ಬಾಯಿ ಬರಲಿಲ್ಲ."

ಅವಳು ಒಂದು ಗುಟುಕು ಕುಡಿದು ಮುಖ ಕಿವುಚಿದಳು. "ಸಕ್ಕರೆ ಹಾಕಿಲ್ಲ ನೀವು."

ಮಗ ಸಕ್ಕರೆಗೆ ಓಡಿದ. ಸೊಸೆ ನಕ್ಕಳು. ಬಂದವಳು ಉಂಡೇ ಹೋಗಬೇಕೆಂದು ಅಜ್ಜಿ ಹಟ ಹಿಡಿದಳು. ವಾಪಸು ಬಸ್ಸು ಐದಕ್ಕೆ.

ಊಟವಾದ ಮೇಲೆ ಇಸ್ತ್ರಿಯವಳು ಸೊಂಟ ಹಿಡಿದುಕೊಂಡು ಎದ್ದಳು. ಇಡೀ ದಿನ ನಿಂತೇ ಮಾಡುವ ಕೆಲಸ, ಮೇಲೆ ಏಳು ತಾಸಿನ ಬಸ್ಸು. "ಒಂದು ಚಾಪೆ ಕೊಟ್ರೆ ಸಾಕು, ಒಂದರ್ಧ ಗಂಟೆ ಬೆನ್ನು ಚಾಚ್ತೀನಿ."

ಅಜ್ಜಿ ಮಗನ ಕಡೆ ನೋಡಲಿಲ್ಲ. ಚಾಪೆ ತರಲು ಎದ್ದಳು. ಅಷ್ಟರಲ್ಲಿ ಮುಂದಿನ ಕೋಣೆಯಲ್ಲಿ ಜಮಖಾನ ಕೊಡವಿದ ಸದ್ದಾಯಿತು. ಬಂದು ನೋಡಿದರೆ ಮಗ ವಕೀಲರ ಹೆಂಡತಿಯ ಹೊಸ ಹಾಸಿಗೆಯನ್ನು ಕಿಟಕಿಯ ಬಳಿ ಎಳೆದು, ಮಂಡಿಯೂರಿ, ಜಮಖಾನದ ಸುಕ್ಕು ತೆಗೆಯುತ್ತಿದ್ದ.

"ಇಲ್ಲಿ ಮಲಗಿ ಅಕ್ಕ. ಗಾಳಿ ಬರುತ್ತೆ."

ಮಲಗಿದವಳಿಗೆ ಎರಡು ನಿಮಿಷದಲ್ಲಿ ಗೊರಕೆ ಬಂತು. ಅರ್ಧ ಗಂಟೆ ಒಂದೂವರೆ ಗಂಟೆಯಾಯಿತು. ಮೊಮ್ಮಗಳು ಶಾಲೆಯಿಂದ ಬಂದು, ಬಾಗಿಲಲ್ಲೇ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ತುದಿಗಾಲಲ್ಲಿ ಒಳಗೆ ಹೋದಳು. ಅದೇ ಹೊತ್ತಿಗೆ ಕೂಲಿಯವನೊಂದಿಗೆ ವಕೀಲರ ಹೆಂಡತಿ ಬಂದರು.

ಮಗ ಮೆಟ್ಟಿಲಿಗೇ ಇಳಿದು ಹೋದ. ಅಜ್ಜಿ ಕಿಟಕಿಯ ಹಿಂದೆ ನಿಂತು ಕಿವಿಗೊಟ್ಟಳು.

"ಆಗಿದೆಯಾ?"

"ಆಗಿದೆ. ಆದ್ರೆ ಅದರ ಮೇಲೆ ಒಬ್ಬರು ಮಲಗಿದ್ದಾರಮ್ಮ."

"ಏನು? ನೀವು ಮಾತು ಕೊಟ್ಟಿದ್ರಿ."

"ಕೊಟ್ಟಿದ್ದೆ. ಮಾತು ತಪ್ಪಿದೆ. ನಿಮಗೆ ಇನ್ನೊಂದು ಮಾಡಿ ಕೊಡ್ತೀನಿ. ಇದಕ್ಕೆ ಏನೂ ಕೊಡಬೇಡಿ."

"ಯಾರದು, ನಿಮ್ಮ ನೆಂಟರಾ?"

"ಅಲ್ಲ. ನಮ್ಮಪ್ಪ ಗುರುತಿಲ್ಲದ ಊರಿನಲ್ಲಿ ಬಿದ್ದಾಗ, ನೆಲಕ್ಕೆ ಹಾಸಿ ಮಲಗಿಸಿದವರು."

ವಕೀಲರ ಹೆಂಡತಿ ಬಾಗಿಲಲ್ಲಿ ಇಣುಕಿದರು. ಕಲೆಬಿದ್ದ ಮುಂಗೈ ಹಾಸಿಗೆಯಿಂದ ಕೆಳಗೆ ಜೋತುಬಿದ್ದಿತ್ತು. ಬಾಯಿ ಅರ್ಧ ತೆರೆದಿತ್ತು. ಅವರು ಹಿಂದೆ ಸರಿದರು. ಕೂಲಿಯವನಿಗೆ ಸನ್ನೆ ಮಾಡಿ ಮೆಟ್ಟಿಲಿಳಿದು, ತಿರುಗಿ, ಪಿಸುಮಾತಿನಲ್ಲಿ ಹೇಳಿದರು: "ಎಬ್ಬಿಸಬೇಡಿ. ಆದ್ರೆ ನನಗೆ ಇನ್ನೊಂದನ್ನೇ ಮಾಡಿ."

"ಆಗಲಮ್ಮ," ಎಂದ ಮಗ.

ಐದರ ಬಸ್ಸಿಗೆ ಅವಳನ್ನು ಹತ್ತಿಸಲು ಮಗನೇ ಹೋದ. ಬಸ್ ನಿಲ್ದಾಣಕ್ಕೆ ಕಾಲು ಗಂಟೆಯ ದಾರಿ. ಆರೂವರೆಯಾದರೂ ಅವನು ಬರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಬಂದ. ಅವನ ಕೈಯಲ್ಲಿ ಒಂದು ಬಟ್ಟೆಗಂಟಿತ್ತು, ಬೆನ್ನ ಹಿಂದೆ ಮೂರು ವಾರದ ಕೆಳಗೆ ಬಂದು ಹೋಗಿದ್ದ ಆ ಮುದುಕನಿದ್ದ.

"ಇನ್ನೂ ಜಗಲೀಲೇ ಇದ್ರು," ಎಂದ ಮಗ, ಯಾರ ಮುಖವನ್ನೂ ನೋಡದೆ. "ಬೆಳಿಗ್ಗೆ ಗಂಜಿ ಒಂದು ಲೋಟ ಜಾಸ್ತಿ ಇರಲಮ್ಮ."

"ಇದನ್ನ ಹೇಳೋಕೆ ಪುಟ್ಟೀನ ಕಳಿಸ್ಲಿಲ್ವಾ?" ಎಂದಳು ಅಜ್ಜಿ.

"ಅವಳು ಕೆಲಸ ಬಿಟ್ಟಿದ್ದಾಳೆ."

"ಒಂದನೇ ತಾರೀಕಿನ ಲಾರಿ?" ಎಂದು ಸೊಸೆ ಕೇಳಿದಳು.

"ಬರಲಿ. ಆ ಗೋಡೆ ಕಡೆ ಪೇರಿಸೋಣ. ಕಿಟಕಿ ಕಡೆ ಬೇಡ."

ಮುದುಕ ಹಾಸಿಗೆಯ ಅಂಚಿನಲ್ಲಿ ಮುದುಡಿ ಕೂತಿದ್ದ. ಪೂರ್ತಿ ಕೂತರೆ ಯಾರಾದರೂ ಏಳು ಎಂದುಬಿಡುತ್ತಾರೇನೋ ಎಂಬಂತಿತ್ತು. ಸೊಸೆ ಅವನಿಗೆ ನೀರು ಕೊಟ್ಟು, "ಹೆಂಡ್ತಿ ಹೇಗಿದ್ದಾರೆ?" ಎಂದು ಕೇಳಿದಳು. "ಇವತ್ತು ಎರಡು ತುತ್ತು ಉಂಡಳು," ಎಂದ.

ಅಜ್ಜಿ ಒಳಗೆ ಹೋಗಿ ದೇವರ ಮುಂದೆ ಕೂತಳು. ಐದು ವಾರ ದಿನವೂ ಕೇಳುತ್ತಿದ್ದುದನ್ನು ಇವತ್ತು ಕೇಳಬೇಕಾಗಿರಲಿಲ್ಲ.  ಮಗ ಬಂದು ಅವಳ ಪಕ್ಕ ಕೂತ. ಸೊಸೆ, ಮೊಮ್ಮಗಳು ಹಿಂದೆ ನಿಂತರು. ಅಜ್ಜಿ ಕೈಮುಗಿದಳು.

"ಸ್ವಾಮಿ, ನಮ್ಮ ಯಜಮಾನ್ರನ್ನ ಒಬ್ಬರನ್ನೇ ಬಿಡಲಿಲ್ಲ ನೀನು. ನಾನು ನಿನ್ನ ಮೇಲೆ ಸಿಟ್ಟಾಗಿದ್ದೆ, ಹೊಟ್ಟೆಗೆ ಹಾಕ್ಕೋ. ಆ ಹೆಣ್ಣುಮಗಳ ಕೈಗೆ ಕೆಲಸ ಕೊಡು, ಮೈಗೆ ಶಕ್ತಿ ಕೊಡು. ಆಚೆ ಕೂತಿರೋ ಹಿರಿಯರ ಹೆಂಡತಿಯನ್ನ ಎಬ್ಬಿಸಿ ಮನೆಗೆ ಕಳಿಸು. ಮನೆಯವರು ಹತ್ತಿರ ಇಲ್ಲದೆ ಕಣ್ಣು ಮುಚ್ಚೋ ಪ್ರತಿ ಜೀವಕ್ಕೂ ಒಂದು ತೊಡೆ, ಎರಡು ಗುಟುಕು ನೀರು ಕೊಡು. ನಮ್ಮ ಯಜಮಾನ್ರು ತುಂಬಾ ದುಡಿದಿದ್ದಾರೆ, ಇನ್ನು ಕೆಲಸ ಹೇಳಬೇಡ. ನಿನ್ನ ಹತ್ತಿರ ಇಟ್ಕೊಂಡು ಇವರ ಆತ್ಮಕ್ಕೆ ಶಾಂತಿ ಕೊಡಪ್ಪ."